ಎರಡು ವಿಭಾಗಗಳ ನಡುವೆ ಒಂದು ಪಿಎಚ್‌ಡಿ: ಪರಿಸರ ವಿಜ್ಞಾನದಿಂದ ರಾಜ್ಯಶಾಸ್ತ್ರಕ್ಕೆ ಬಂದವರ ಪ್ರಕರಣ

ಅಂತರಶಿಸ್ತೀಯ ಸಂಶೋಧನೆ, ಅಂದರೆ ಒಂದಕ್ಕಿಂತ ಹೆಚ್ಚು ವಿಷಯಗಳನ್ನು ಸೇರಿಸಿ ಮಾಡುವ ಸಂಶೋಧನೆ, ಬೇಕು ಅಂತ ಎಲ್ಲ ವಿಶ್ವವಿದ್ಯಾಲಯಗಳೂ ಹೇಳುತ್ತವೆ. ಅರ್ಜಿ ತೆಗೆದು ನೋಡಿದರೆ ಮೊದಲ ಪುಟದಲ್ಲೇ ಪ್ರಶ್ನೆ ಇರುತ್ತದೆ: ಸ್ನಾತಕೋತ್ತರ ಪದವಿ ಯಾವ ವಿಷಯದಲ್ಲಿ? ಈ ಎರಡರ ನಡುವೆ ಸಿಕ್ಕಿಕೊಂಡ ಒಬ್ಬ ಅಭ್ಯರ್ಥಿಯ ಪ್ರಕರಣ ಇದು. ಊರು, ವಿಶ್ವವಿದ್ಯಾಲಯ, ಜಲಾಶಯ ಯಾವುದರ ಹೆಸರನ್ನೂ ಹೇಳುವುದಿಲ್ಲ. ಕೆಲವು ಗುರುತುಗಳನ್ನು ಬೇಕಂತಲೇ ಬದಲಿಸಿದ್ದೇನೆ. ಆಕೆಯನ್ನು ಶಾರದಾ ಅಂತ ಕರೆಯೋಣ. ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಅವರು ಮೊದಲ ಸಲ ವಿಚಾರಿಸಲು ಬಂದಾಗಿನಿಂದ ಪರಿಚಯ. ಮುಂದೆ ಅವರ ಸಂಶೋಧನಾ ಸಲಹಾ ಸಮಿತಿಯಲ್ಲೂ ಕೂತೆ.

ಹಿನ್ನೆಲೆ

ಶಾರದಾ ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮಾಡಿದವರು. ಒಳ್ಳೆಯ ಅಂಕ ಇತ್ತು. ಅದೇ ವಿಷಯದಲ್ಲಿ ನೆಟ್, ಅಂದರೆ ಕಾಲೇಜು ಮೇಷ್ಟ್ರ ಕೆಲಸಕ್ಕೆ ಬೇಕಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಕೂಡ ಪಾಸಾಗಿತ್ತು. ಓದು ಮುಗಿಸಿ ಒಂದು ಸ್ವಯಂಸೇವಾ ಸಂಸ್ಥೆ ಸೇರಿದರು. ದೊಡ್ಡ ಜಲಾಶಯವೊಂದರ ಅಚ್ಚುಕಟ್ಟಿನಲ್ಲಿ ನಾಲೆ ನೀರಿನ ಹರಿವು ಅಳೆಯುವುದು ಅಲ್ಲಿನ ಕೆಲಸ. ವಿತರಣಾ ನಾಲೆಯ ಮೇಲ್ಭಾಗದಲ್ಲಿ ಎಷ್ಟು ನೀರು ಹೋಯಿತು, ಕೊನೆ ಭಾಗದ ತೂಬಿಗೆ ಎಷ್ಟು ಬಂತು ಅಂತ ಬರೆದುಕೊಳ್ಳಬೇಕು.

ಲೆಕ್ಕ ಹಾಕಿದಷ್ಟೂ ಒಂದು ವಿಷಯ ಎದ್ದು ಕಾಣುತ್ತಿತ್ತು. ಸೋರಿಕೆ, ಹೂಳು, ಆವಿ ಎಲ್ಲವನ್ನೂ ಕಳೆದರೂ ಕೊನೆ ಭಾಗಕ್ಕೆ ಬರಬೇಕಾದ ನೀರು ಬರುತ್ತಿರಲಿಲ್ಲ. ಗೇಟ್ ಯಾವಾಗ ಏಳುತ್ತದೆ, ಯಾರ ಮಾತಿಗೆ ಇಳಿಯುತ್ತದೆ ಅನ್ನುವುದರಲ್ಲಿ ಉತ್ತರ ಇತ್ತು. ನೀರು ಬಳಕೆದಾರರ ಸಹಕಾರ ಸಂಘಗಳು ಇದ್ದವು. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ಆದ ತಿದ್ದುಪಡಿಯ ಮೇಲೆ ನಿಂತ ಸಂಘಗಳು ಅವು. ಹಲವು ಕಡೆ ಅವಕ್ಕೆ ಬೋರ್ಡ್ ಇತ್ತು, ಕಟ್ಟಡ ಇತ್ತು. ಗೇಟಿನ ಮೇಲೆ ಹಿಡಿತ ಮಾತ್ರ ಇರಲಿಲ್ಲ. ಇದನ್ನು ಪಿಎಚ್‌ಡಿ ಮಾಡಬೇಕು, ಅದೂ ರಾಜ್ಯಶಾಸ್ತ್ರದಲ್ಲಿ ಮಾಡಬೇಕು ಅಂತ ಶಾರದಾ ತೀರ್ಮಾನಿಸಿದರು.

ಮೊದಲ ಅರ್ಜಿ

2019ರಲ್ಲಿ ಅರ್ಜಿ ಹಾಕಿದರು. ಆಗ ಜಾರಿಯಲ್ಲಿದ್ದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2016ರ ಪಿಎಚ್‌ಡಿ ನಿಯಮಾವಳಿ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಇರಬೇಕು, ಮೀಸಲಾತಿ ವರ್ಗಗಳಿಗೆ ಶೇ 5ರ ರಿಯಾಯಿತಿ. ಇಷ್ಟನ್ನು ಯುಜಿಸಿ ಹೇಳುತ್ತದೆ. ಯಾವ ವಿಷಯದವರು ಯಾವ ವಿಭಾಗಕ್ಕೆ ಬರಬಹುದು ಅನ್ನುವುದನ್ನು ವಿಶ್ವವಿದ್ಯಾಲಯವೇ ನಿರ್ಧರಿಸುತ್ತದೆ. ಹೊರಗಿನಿಂದ ನೋಡುವವರು ಎಡವುವುದು ಇಲ್ಲೇ. ಯುಜಿಸಿ ನಿಯಮ ಓದಿ ‘ನನಗೆ ಅರ್ಹತೆ ಇದೆ’ ಅಂದುಕೊಂಡಿರುತ್ತಾರೆ. ವಿಶ್ವವಿದ್ಯಾಲಯದ ಸ್ವಂತ ಅಧಿಸೂಚನೆಯಲ್ಲಿ ‘ರಾಜ್ಯಶಾಸ್ತ್ರ ಅಥವಾ ಸಂಬಂಧಿತ ವಿಷಯ’ ಅಂತ ಇರುತ್ತದೆ. ಸಂಬಂಧಿತ ವಿಷಯಗಳ ಪಟ್ಟಿ ಇನ್ನೆಲ್ಲೋ ಅನುಬಂಧದಲ್ಲಿ ಇರುತ್ತದೆ.

ನಮ್ಮಲ್ಲಿನ ಪಟ್ಟಿಯಲ್ಲಿ ಸಾರ್ವಜನಿಕ ಆಡಳಿತ ಇತ್ತು, ಅಂತರರಾಷ್ಟ್ರೀಯ ಸಂಬಂಧ, ಸಮಾಜಶಾಸ್ತ್ರ, ಇತಿಹಾಸ ಇದ್ದವು. ಪರಿಸರ ವಿಜ್ಞಾನ ಇರಲಿಲ್ಲ. ಪರಿಶೀಲನೆಯಲ್ಲೇ ಅರ್ಜಿ ಬಿತ್ತು. ನೆಟ್ ಆಗಿದೆಯಲ್ಲ, ಪ್ರವೇಶ ಪರೀಕ್ಷೆಯಿಂದ ವಿನಾಯಿತಿ ಇದೆಯಲ್ಲ ಅಂತ ಶಾರದಾ ಕೇಳಿದರು. ನೆಟ್ ಆಗಿರುವುದು ಬೇರೆ ವಿಷಯದಲ್ಲಿ, ಅದು ಇಲ್ಲಿ ಲೆಕ್ಕಕ್ಕಿಲ್ಲ ಅಂತ ಕಚೇರಿಯವರು ಅಂದರು.

ಶಾರದಾ ಅಲ್ಲಿಗೇ ಬಿಡಲಿಲ್ಲ. ನಿಯಮಾವಳಿಯಲ್ಲಿ ಅಂತರಶಿಸ್ತೀಯ ವಿಷಯಗಳ ಬಗ್ಗೆ ಒಂದು ಅಂಶ ಇದೆಯಲ್ಲ, ಅದರಡಿ ನನ್ನ ಅರ್ಜಿ ಪರಿಗಣಿಸಿ ಅಂತ ಕುಲಸಚಿವರಿಗೆ ಪತ್ರ ಬರೆದರು. ತಿಂಗಳುಗಟ್ಟಲೆ ಕಾದ ಮೇಲೆ ಉತ್ತರ ಬಂತು. ಉತ್ತರ ಸರಿಯಾಗಿಯೇ ಇತ್ತು, ಅದೇ ಬೇಸರದ ಸಂಗತಿ. ಆ ಅಂಶ ಇರುವುದು ಗೈಡ್‌ಗಳಿಗೆ ಸಂಬಂಧಿಸಿದಂತೆ. ವಿಷಯ ಎರಡು ಶಿಸ್ತುಗಳಿಗೆ ಹರಡಿಕೊಂಡಿದ್ದರೆ ವಿಭಾಗದೊಳಗಿನ ಒಬ್ಬರು ಗೈಡ್, ಹೊರಗಿನ ಒಬ್ಬರು ಕೋ-ಗೈಡ್ ಆಗಬಹುದು ಅಂತ ಅದು ಹೇಳುತ್ತದೆ. ಅಭ್ಯರ್ಥಿಯ ಅರ್ಹತೆಯನ್ನು ಅದು ಮುಟ್ಟುವುದೇ ಇಲ್ಲ. 2022ರ ನಿಯಮಾವಳಿಯಲ್ಲೂ ಇದು ಹೀಗೇ ಉಳಿದಿದೆ. ಅಂದರೆ ಅಂತರಶಿಸ್ತೀಯತೆಗೆ ಜಾಗ ಇರುವುದು ಒಳಗೆ ಹೋದ ಮೇಲೆ. ಒಳಗೆ ಹೋಗುವಾಗ ಯಾವುದಾದರೂ ಒಂದು ವಿಭಾಗದವರಾಗಿಯೇ ಹೋಗಬೇಕು.

ಮುಂದಿದ್ದ ದಾರಿಗಳು

ಆ ವರ್ಷ ಶಾರದಾ ಮುಂದೆ ಇದ್ದ ಆಯ್ಕೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಈ ಪ್ರಕರಣದ ನಿಜವಾದ ತಿರುವು ಇರುವುದು ಅಲ್ಲಿ.

ಪರಿಸರ ವಿಜ್ಞಾನ ವಿಭಾಗದಲ್ಲಿ ಸೀಟು ಇತ್ತು. ಅಲ್ಲಿನ ಪ್ರಾಧ್ಯಾಪಕರೊಬ್ಬರಿಗೆ ಇವರ ಕೆಲಸ ಗೊತ್ತಿತ್ತು. ‘ನಮ್ಮಲ್ಲಿ ನೋಂದಾಯಿಸಿ, ರಾಜ್ಯಶಾಸ್ತ್ರದವರನ್ನು ಕೋ-ಗೈಡ್ ಮಾಡಿಕೊಳ್ಳಿ, ಎಲ್ಲ ಅಲ್ಲೇ ಆಗುತ್ತೆ’ ಅಂದರು. ನೆಟ್ ಕೂಡ ಲೆಕ್ಕಕ್ಕೆ ಬರುತ್ತಿತ್ತು. ಈ ಸೀಟು ಬಿಡಬೇಡಿ ಅಂತ ಹೇಳಿದವರೇ ಜಾಸ್ತಿ. ಅವರ ಯಜಮಾನರೂ ಅದನ್ನೇ ಹೇಳಿದರಂತೆ.

ಇನ್ನೊಂದು ದಾರಿ ಬೆಂಗಳೂರು. ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್, 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ್ದು. ಅಲ್ಲಿ ಬೇರೆ ಬೇರೆ ಸಮಾಜ ವಿಜ್ಞಾನಗಳ ಕೇಂದ್ರಗಳು ಒಂದೇ ಆವರಣದಲ್ಲಿವೆ. ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಮತ್ತು ಸಮಾಜ ವಿಜ್ಞಾನ ಎರಡನ್ನೂ ಸೇರಿಸಿ ಪಿಎಚ್‌ಡಿ ಮಾಡಿಸುತ್ತಾರೆ. ಇವರ ವಿಷಯಕ್ಕೆ ಎರಡೂ ಹೊಂದುತ್ತಿದ್ದವು. ಆದರೆ ಮನೆಯಲ್ಲಿ ಚಿಕ್ಕ ಮಗು, ಹುಷಾರಿಲ್ಲದ ಅತ್ತೆ. ಅಧ್ಯಯನ ಮಾಡಬೇಕಾದ ನಾಲೆ ಇರುವುದೂ ಊರಿನ ಹತ್ತಿರವೇ. ಊರು ಬಿಟ್ಟು ಹೋಗುವ ಮಾತು ಬೇಗ ಮುಗಿಯಿತು.

ಮೂರನೆಯದು ರಾಜ್ಯಶಾಸ್ತ್ರದಲ್ಲಿ ಹೊಸದಾಗಿ ಎಂಎ ಮಾಡುವುದು. ಎರಡು ವರ್ಷ ಹೋಗುತ್ತದೆ. ಮೂವತ್ತು ದಾಟಿದ ಮೇಲೆ ಮತ್ತೆ ಎಂಎನಾ ಅಂತ ನೆಂಟರು ನಕ್ಕರಂತೆ.

ಪರಿಸರ ವಿಜ್ಞಾನದ ಪ್ರಾಧ್ಯಾಪಕರ ಕೋಣೆಯಲ್ಲಿ ನಡೆದ ಒಂದು ಮಾತುಕತೆ ಇದನ್ನು ತೀರ್ಮಾನಿಸಿತು. ಶಾರದಾ ಆ ಪ್ರಾಧ್ಯಾಪಕರಿಗೆ ಒಂದೇ ಪ್ರಶ್ನೆ ಕೇಳಿದರು: ‘ಸರ್, ಕೊನೆಗೆ ಈ ಥೀಸಿಸ್ ಓದೋಕೆ ಪರೀಕ್ಷಕರು ಯಾರು ಬರ್ತಾರೆ?’ ಅವರು ಪ್ರಾಮಾಣಿಕ ಮನುಷ್ಯ. ‘ಜಲವಿಜ್ಞಾನದವರು ಬರ್ತಾರೆ, ನೀರಿನ ಗುಣಮಟ್ಟದ ಮೇಲೆ ಕೆಲಸ ಮಾಡಿದವರು ಬರ್ತಾರೆ. ಅವರು ದತ್ತಾಂಶ ಕೇಳ್ತಾರಮ್ಮಾ. ಸಂಘದ ಅಧ್ಯಕ್ಷರಿಗೂ ಎಂಜಿನಿಯರ್‌ಗೂ ಏನು ಜಗಳ ಆಯ್ತು ಅನ್ನೋದನ್ನ ಅವರು ಅಧ್ಯಾಯ ಅಂತ ಒಪ್ಪೋದು ಕಷ್ಟ’ ಅಂದರು.

ಆ ಜಗಳವೇ ಶಾರದಾ ಅವರ ಸಂಶೋಧನೆ. ಅದು ಅನುಬಂಧಕ್ಕೆ ಹೋಗುವುದಾದರೆ ಪಿಎಚ್‌ಡಿ ಮಾಡಿ ಏನು ಬಂತು?

ನೌಕರಿಯ ಲೆಕ್ಕವೂ ಇತ್ತು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂಬಂಧಿತ ವಿಷಯದಲ್ಲೇ ಸ್ನಾತಕೋತ್ತರ ಪದವಿ ಬೇಕು. ರಾಜ್ಯಶಾಸ್ತ್ರದ ಮೇಷ್ಟ್ರಾಗಬೇಕು ಅಂದರೆ ಪಿಎಚ್‌ಡಿ ಎಷ್ಟೇ ಚೆನ್ನಾಗಿದ್ದರೂ ಕೆಳಗಿನ ಮೆಟ್ಟಿಲಲ್ಲಿ ಎಂಎ ಇಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ. ಇದನ್ನು ಪಿಎಚ್‌ಡಿ ಮುಗಿದ ಮೇಲೆ ಕಂಡುಕೊಂಡವರನ್ನು ನಾನು ನೋಡಿದ್ದೇನೆ.

ಇಲ್ಲಿ ಒಂದು ಅಡ್ಡಮಾತು. ಎಲಿನಾರ್ ಆಸ್ಟ್ರಮ್ ಅವರ ಹೆಸರನ್ನು ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದಿದವರು ಕೇಳಿರುತ್ತಾರೆ. ಅವರಿಗೂ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವ ಆಸೆ ಇತ್ತು. ಗಣಿತ ಸಾಕಷ್ಟು ಓದಿಲ್ಲ ಅಂತ ಸೀಟು ಸಿಗಲಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರಕ್ಕೆ ಸೇರಿದರು. ಅಲ್ಲಿನ ಅಂತರ್ಜಲವನ್ನು ಜನ ಹೇಗೆ ಹಂಚಿಕೊಳ್ಳುತ್ತಾರೆ ಅಂತ ಅಧ್ಯಯನ ಮಾಡಿ 1965ರಲ್ಲಿ ಪಿಎಚ್‌ಡಿ ಪಡೆದರು. 2009ರಲ್ಲಿ ಅವರಿಗೆ ನೊಬೆಲ್ ಬಂದದ್ದು ಅರ್ಥಶಾಸ್ತ್ರದಲ್ಲಿ. ಅವರು ಮುಂದೆ ಕೆಲಸ ಮಾಡಿದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ವಿಭಾಗ ಮತ್ತು ಸಾರ್ವಜನಿಕ ಆಡಳಿತದ ಶಾಲೆ ಎರಡೂ ಸೇರಿ ಜಂಟಿ ಪಿಎಚ್‌ಡಿ ಕೊಡುತ್ತವೆ. ಅಂಥ ಕಡೆ ಎರಡು ವಿಭಾಗಗಳನ್ನು ಜೋಡಿಸುವ ಕೆಲಸ ಸಂಸ್ಥೆಯದ್ದು. ನಮ್ಮಲ್ಲಿ ಆ ಕೆಲಸ ಬಹುಪಾಲು ವಿದ್ಯಾರ್ಥಿಯದ್ದೇ.

ಎಂಎ, ಆಮೇಲೆ ಪ್ರವೇಶ

ದೂರ ಶಿಕ್ಷಣದಲ್ಲಿ ಎಂಎ ಸೇರಿದರು. ಸೇರುವ ಮೊದಲು ಆ ಕೋರ್ಸ್‌ಗೆ ಆ ಶೈಕ್ಷಣಿಕ ವರ್ಷಕ್ಕೆ ಯುಜಿಸಿ ದೂರ ಶಿಕ್ಷಣ ಬ್ಯೂರೋದ ಮಾನ್ಯತೆ ಇದೆಯಾ ಅಂತ ನೋಡಿಕೊಂಡರು. ಸಂಸ್ಥೆಗೆ ಮಾನ್ಯತೆ ಇದ್ದರೆ ಸಾಲದು, ಕೋರ್ಸ್‌ಗೂ ಇರಬೇಕು. ಕೋವಿಡ್‌ನಿಂದ ಪರೀಕ್ಷೆಗಳು ಮುಂದೆ ಹೋದವು. 2022ರಲ್ಲಿ ಮುಗಿಯಿತು.

ಎರಡು ವರ್ಷ ದಂಡ ಅಂದವರಿಗೆ ಒಂದು ಮಾತು. ಎಂಎಗೆ ಮೊದಲು ಶಾರದಾ ಬರೆದ ಪ್ರಸ್ತಾವದಲ್ಲಿ ‘ಅಧಿಕಾರ’ ಅನ್ನುವ ಪದ ಇರಲೇ ಇಲ್ಲ. ‘ನಿರ್ವಹಣೆ’ ಇತ್ತು, ‘ದಕ್ಷತೆ’ ಇತ್ತು. ನೀರಾವರಿ ಇಲಾಖೆಯ ವರದಿಗಳ ಭಾಷೆ ಅದು. ರಾಜ್ಯ ಎಂದರೇನು, ಅಧಿಕಾರಶಾಹಿ ಹೇಗೆ ಕೆಲಸ ಮಾಡುತ್ತದೆ, ವಿಕೇಂದ್ರೀಕರಣ ಕಾಗದದ ಮೇಲೆ ಹೇಗೆ ನಿಂತುಬಿಡುತ್ತದೆ ಅನ್ನುವುದನ್ನು ಓದಿದ ಮೇಲೆ ತಾವು ನೋಡಿದ್ದನ್ನು ಹೇಳಲು ಅವರಿಗೆ ದಾರಿ ಸಿಕ್ಕಿತು.

2022ರ ನವೆಂಬರ್ 7ರಂದು ಯುಜಿಸಿ ಹೊಸ ಪಿಎಚ್‌ಡಿ ನಿಯಮಾವಳಿ ಹೊರಡಿಸಿತು. 2023ರಲ್ಲಿ ಶಾರದಾ ಅರ್ಜಿ ಹಾಕಿದ್ದು ಅದರಡಿ. ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯ. ಪಾಸಾಗಲು ಶೇ 50 ಬೇಕು. ಆಯ್ಕೆಗೆ ಪರೀಕ್ಷೆಯ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಬೇರೆ ಶಿಸ್ತಿನಿಂದ ಬಂದವರಿಗೆ ಈ ಅರ್ಧ-ಅರ್ಧ ಲಾಭವೇ. ಮಾದರಿ ಆಯ್ಕೆ, ಸಂಖ್ಯಾಶಾಸ್ತ್ರ, ಪ್ರಶ್ನಾವಳಿ ಇವೆಲ್ಲ ಶಾರದಾ ಅವರಿಗೆ ದಿನದ ಕೆಲಸ. ವಿಧಾನದ ಭಾಗದಲ್ಲಿ ಬಂದ ಅಂಕ ವಿಷಯದ ಭಾಗದ ಕೊರತೆಯನ್ನು ತುಂಬಿತು.

ಸಂದರ್ಶನದಲ್ಲಿ ಒಬ್ಬರು ದೂರ ಶಿಕ್ಷಣದ ಎಂಎ ಬಗ್ಗೆ ತಗಾದೆ ತೆಗೆದರು. ಮಾನ್ಯತೆ ಇರುವ ದೂರ ಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನ ಅಂತ ಯುಜಿಸಿಯ 2020ರ ನಿಯಮ ಹೇಳುತ್ತದೆ. ಆ ಪುಟದ ಪ್ರತಿ ಶಾರದಾ ಕೈಯಲ್ಲೇ ಇತ್ತು. ವಾದ ಮಾಡಲಿಲ್ಲ, ಸುಮ್ನೆ ಮುಂದಿಟ್ಟರು. ಮಾತು ಅಲ್ಲಿಗೆ ನಿಂತಿತು. (ಪಿಎಚ್‌ಡಿಯನ್ನೇ ದೂರ ಶಿಕ್ಷಣದಲ್ಲಿ ಮಾಡಲು ಬರುವುದಿಲ್ಲ. ಈ ಎರಡನ್ನೂ ಗೊಂದಲ ಮಾಡಿಕೊಳ್ಳುವವರು ಇದ್ದಾರೆ.)

ಗೈಡ್ ಹುಡುಕಾಟ

ನೀರಾವರಿ ರಾಜಕಾರಣ ಚೆನ್ನಾಗಿ ಬಲ್ಲ ಪ್ರಾಧ್ಯಾಪಕರೊಬ್ಬರು ವಿಭಾಗದಲ್ಲಿದ್ದರು. ಶಾರದಾ ಮನಸ್ಸಿನಲ್ಲಿದ್ದ ಗೈಡ್ ಅವರೇ. ಆದರೆ ಅವರ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇತ್ತು. ಹೊಸ ನಿಯಮದ ಪ್ರಕಾರ ಅಂಥವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಈಗಾಗಲೇ ಇರುವವರಿಗೆ ನಿವೃತ್ತಿವರೆಗೆ ಮಾರ್ಗದರ್ಶನ ಮಾಡಬಹುದು, ಆಮೇಲೆ 70 ವರ್ಷದವರೆಗೆ ಕೋ-ಗೈಡ್ ಆಗಿ ಮುಂದುವರಿಯಬಹುದು, ಅಷ್ಟೇ. ಉಳಿದವರಲ್ಲಿ ಹಲವರ ಸೀಟು ಭರ್ತಿ. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ ಇದೆ.

ಕೊನೆಗೆ ಒಪ್ಪಿದವರು ಪಂಚಾಯತ್ ರಾಜ್ ಮೇಲೆ ಕೆಲಸ ಮಾಡಿದ ಸಹ ಪ್ರಾಧ್ಯಾಪಕಿ. ನೀರಿನ ಬಗ್ಗೆ ನನಗೇನೂ ಗೊತ್ತಿಲ್ಲ ಅಂತ ಮೊದಲೇ ಹೇಳಿದರು. ಅದೇ ಒಳ್ಳೆಯದಾಯಿತು ಅನ್ನುವುದು ನನ್ನ ಅಭಿಪ್ರಾಯ. ನೀರಿನ ವಿಷಯಕ್ಕೆ ಪರಿಸರ ವಿಜ್ಞಾನದ ಅದೇ ಪ್ರಾಧ್ಯಾಪಕರನ್ನು ಕೋ-ಗೈಡ್ ಮಾಡಿಕೊಂಡರು. ಕೆಲವು ವರ್ಷ ಹಿಂದೆ ತಾವು ಕೊಟ್ಟ ಸೀಟು ಬೇಡ ಅಂದವರಿಗೆ ಅವರು ಖುಷಿಯಿಂದಲೇ ಸಹಿ ಹಾಕಿದರು. ಗೈಡ್‌ಗೆ ಗೊತ್ತಿಲ್ಲದ ವಿಷಯವನ್ನು ಶಾರದಾ ಬಿಡಿಸಿ ಹೇಳಬೇಕಾಗಿತ್ತು. ಹಾಗಾಗಿ ತಾಂತ್ರಿಕ ಪದಗಳ ಹಿಂದೆ ಅಡಗಿಕೊಳ್ಳಲು ಅವಕಾಶ ಇರಲಿಲ್ಲ.

ಕೋರ್ಸ್‌ವರ್ಕ್

ಪ್ರಬಂಧ ಬರೆಯುವ ಮೊದಲು ಓದಿ ಪರೀಕ್ಷೆ ಪಾಸಾಗಬೇಕಾದ ಪಾಠಗಳು ಇವು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕನಿಷ್ಠ 12 ಕ್ರೆಡಿಟ್. ಸಂಶೋಧನಾ ವಿಧಾನ ಇರಲೇಬೇಕು, ಸಂಶೋಧನೆ ಮತ್ತು ಪ್ರಕಟಣಾ ನೈತಿಕತೆಯ 2 ಕ್ರೆಡಿಟ್ ಪತ್ರಿಕೆಯೂ ಇರಬೇಕು. ಶೇ 55 ಬರದಿದ್ದರೆ ಮುಂದೆ ಹೋಗುವಂತಿಲ್ಲ. ಶಾರದಾ ಒಂದು ಪತ್ರಿಕೆಯನ್ನು ಪರಿಸರ ವಿಜ್ಞಾನದಲ್ಲಿ ತೆಗೆದುಕೊಳ್ಳಲು ಬಯಸಿದರು. ಸಲಹಾ ಸಮಿತಿ ಒಪ್ಪಿತು. ಪರೀಕ್ಷಾ ವಿಭಾಗದ ಕಂಪ್ಯೂಟರ್ ಒಪ್ಪಲಿಲ್ಲ. ರಾಜ್ಯಶಾಸ್ತ್ರದ ನೋಂದಣಿ ಸಂಖ್ಯೆಗೆ ಬೇರೆ ವಿಭಾಗದ ಪತ್ರಿಕೆಯ ಕೋಡ್ ಜೋಡಿಸುವ ವ್ಯವಸ್ಥೆಯೇ ಅದರಲ್ಲಿ ಇರಲಿಲ್ಲ. ಕಡತ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿತು. ಪರೀಕ್ಷೆಗೆ ಸ್ವಲ್ಪ ದಿನ ಇರುವಾಗ ಅನುಮತಿಯ ಜ್ಞಾಪನ ಬಂತು. ಇಂಥ ಅನುಮತಿಯನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಷರಾ ಕಾಲಂ

ಪ್ರಸ್ತಾವದ ಕಥೆ ಬೇರೆ. ಮೊದಲ ಕರಡು ಎರಡು ಅರ್ಧ ಪ್ರಬಂಧಗಳನ್ನು ಅಂಟಿಸಿದಂತೆ ಇತ್ತು. ಮೊದಲ ಮೂರು ಅಧ್ಯಾಯ ಹರಿವಿನ ಅಳತೆ, ಕೊನೆಯ ಮೂರು ಅಧ್ಯಾಯ ಸಂಘಗಳ ಇತಿಹಾಸ. ಒಂದಕ್ಕೊಂದು ಮಾತೇ ಇಲ್ಲ. ಕೋ-ಗೈಡ್‌ಗೆ ಮೊದಲ ಭಾಗ ಇಷ್ಟ, ಗೈಡ್‌ಗೆ ಎರಡನೆಯದು. ಇಬ್ಬರೂ ತಮ್ಮ ತಮ್ಮ ಭಾಗ ಬೆಳೆಸಿ ಅನ್ನುತ್ತಿದ್ದರು. ಅಂತರಶಿಸ್ತೀಯ ಪಿಎಚ್‌ಡಿಗಳು ಹಳ್ಳ ಹಿಡಿಯುವುದು ಬಹಳ ಸಲ ಇಲ್ಲೇ. ಇಬ್ಬರನ್ನೂ ಸಂತೋಷಪಡಿಸಲು ಹೋಗಿ ವಿದ್ಯಾರ್ಥಿ ಎರಡು ಪ್ರಬಂಧ ಬರೆಯುತ್ತಾ ಹೋಗುತ್ತಾನೆ.

ಸಲಹಾ ಸಮಿತಿಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ನೇರವಾಗಿ ಕೇಳಿದರು: ‘ಎಲ್ಲ ಸರಿ ಕಣಮ್ಮಾ, ಇದರಲ್ಲಿ ರಾಜ್ಯಶಾಸ್ತ್ರ ಎಲ್ಲಿದೆ? ಇದು ಎಂಜಿನಿಯರಿಂಗ್ ಅಲ್ವಾ?’

ಶಾರದಾ ತಮ್ಮ ಫೈಲಿನಿಂದ ಒಂದು ಜೆರಾಕ್ಸ್ ಪುಟ ತೆಗೆದರು. ವಿತರಣಾ ನಾಲೆಯ ಗೇಟ್ ರಿಜಿಸ್ಟರಿನ ಪುಟ ಅದು. ನೀಲಿ ಇಂಕಿನ ಗೆರೆ, ಒದ್ದೆಯಾಗಿ ಒಣಗಿದ ಅಂಚು. ಕಾಲಂಗಳು ಹೀಗಿದ್ದವು: ದಿನಾಂಕ, ಸಮಯ, ಮಾಪಕದ ಅಳತೆ, ಗೇಟ್ ಎತ್ತರ, ಷರಾ. ಒಂದು ಸಾಲಿನಲ್ಲಿ ರಾತ್ರಿ ಹನ್ನೊಂದು ಮುಕ್ಕಾಲಿಗೆ ಮಾಪಕ 2.1 ಅಡಿಯಿಂದ 1.3 ಅಡಿಗೆ ಇಳಿದಿತ್ತು. ಷರಾ ಕಾಲಂನಲ್ಲಿ ನೀರುಗಂಟಿಯ ಓರೆ ಅಕ್ಷರದಲ್ಲಿ ಎರಡೇ ಪದ: ಮೌಖಿಕ ಸೂಚನೆ. ಅದೇ ಪುಟದಲ್ಲಿ ಇನ್ನೂ ಕೆಲವು ಕಡೆ ಅದೇ ಪದಗಳು. ಯಾರ ಸೂಚನೆ ಅಂತ ಎಲ್ಲೂ ಇಲ್ಲ.

‘ಸರ್, ಮೂರನೇ ಕಾಲಂ ಪರಿಸರ ವಿಜ್ಞಾನ, ಕೊನೇ ಕಾಲಂ ರಾಜ್ಯಶಾಸ್ತ್ರ. ನನ್ನ ಪ್ರಬಂಧ ಒಂದೇ ಸಾಲಿನ ಬಗ್ಗೆ’ ಅಂದರು ಶಾರದಾ.

ಸಭೆಯಲ್ಲಿ ಯಾರೂ ಕೂಡಲೇ ಮಾತಾಡಲಿಲ್ಲ. ಆಮೇಲೆ ಕೋ-ಗೈಡ್ ಆ ಹಾಳೆಯನ್ನು ಕೈಗೆ ತೆಗೆದುಕೊಂಡು, ಮಾಪಕದ ಅಳತೆ ನಂಬುವಂಥದ್ದಾ ಅಂತ ಪರೀಕ್ಷಿಸುವುದು ತಮ್ಮ ಜವಾಬ್ದಾರಿ ಅಂದರು. ಸೂಚನೆ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗುವ ವಿಧಾನವನ್ನು ಗೈಡ್ ನೋಡಿಕೊಳ್ಳಬೇಕು ಅಂತ ತೀರ್ಮಾನವಾಯಿತು. ಪ್ರಶ್ನೆ ಒಂದೇ ಆಯಿತು: ಬರಹದ ನಿಯಮ, ಚುನಾಯಿತ ಸಂಘ, ನೀರಾವರಿ ಸಲಹಾ ಸಮಿತಿಯ ತೀರ್ಮಾನ ಎಲ್ಲ ಇದ್ದರೂ ಬಾಯಿಮಾತಿನ ಆದೇಶ ಯಾಕೆ ಗೆಲ್ಲುತ್ತದೆ? ಹರಿವಿನ ಅಳತೆ ಪ್ರತ್ಯೇಕ ಅಧ್ಯಾಯವಾಗಿ ಉಳಿಯಲಿಲ್ಲ. ಸಾಕ್ಷ್ಯವಾಗಿ ಎಲ್ಲ ಅಧ್ಯಾಯಗಳಿಗೂ ಹಂಚಿಹೋಯಿತು. ಮುಂದಿನ ಕರಡಿಗೆ ಒಪ್ಪಿಗೆ ಸಿಕ್ಕಿತು.

ಆ ಪುಟ ಇನ್ನೊಂದು ತೊಡಕನ್ನೂ ತಂದಿತು. ಅದು ಸ್ವಯಂಸೇವಾ ಸಂಸ್ಥೆಯ ಸಮೀಕ್ಷೆಗೆ ಸಿಕ್ಕಿದ್ದ ಪ್ರತಿ. ಪ್ರಬಂಧದಲ್ಲಿ ಬಳಸಲು ಇಲಾಖೆಯ ಅನುಮತಿ ಇರಲಿಲ್ಲ. ಶಾರದಾ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ರಿಜಿಸ್ಟರುಗಳ ದೃಢೀಕೃತ ಪ್ರತಿ ತೆಗೆಸಿದರು. ಕೆಲವು ಸಿಕ್ಕವು, ಕೆಲವು ‘ಲಭ್ಯವಿಲ್ಲ’ ಅಂತ ಬಂದವು. ನೀರುಗಂಟಿಗಳಲ್ಲಿ ಹಲವರು ದಿನಗೂಲಿಯವರು. ಹೆಸರು ಬಂದರೆ ಕೆಲಸ ಹೋಗುತ್ತದೆ. ಹಾಗಾಗಿ ಗೇಟ್ ಸಂಖ್ಯೆ, ದಿನಾಂಕ ಎರಡನ್ನೂ ಒಟ್ಟಿಗೆ ಎಲ್ಲೂ ಕೊಡಬಾರದು ಅಂತ ಸಮಿತಿಯೇ ಹೇಳಿತು. ನೈತಿಕತೆಯ ಪತ್ರಿಕೆಯನ್ನು ಕಾಟಾಚಾರಕ್ಕೆ ಓದಿದ್ದವರೂ ಆ ದಿನ ಅದನ್ನು ಗಂಭೀರವಾಗಿ ಚರ್ಚಿಸಿದರು.

ದುಡ್ಡು

ನೆಟ್‌ನಲ್ಲಿ ಹೆಚ್ಚು ಅಂಕ ತೆಗೆದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್‌ಗೆ ವಯಸ್ಸು ಮೀರಿತ್ತು. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ. ಅದು ಕೈತಪ್ಪಿದ್ದು ಸಣ್ಣ ಮಾತಲ್ಲ. ಕೆಲಸದಲ್ಲಿದ್ದುಕೊಂಡು ಪಾರ್ಟ್‌ಟೈಮ್ ಮಾಡಬಹುದಿತ್ತು. ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತಂದರೆ ನಿಯಮ ಒಪ್ಪುತ್ತದೆ. ಆದರೆ ಅದೇ ಸಂಸ್ಥೆಯ ಕ್ಷೇತ್ರದಲ್ಲಿ ಅದೇ ಸಂಸ್ಥೆಯ ಸಂಬಳದಲ್ಲಿ ಸಂಶೋಧನೆ ಮಾಡುವುದು ಶಾರದಾ ಅವರಿಗೆ ಸರಿ ಅನ್ನಿಸಲಿಲ್ಲ. ಕೆಲಸ ಬಿಟ್ಟು ಪೂರ್ಣಾವಧಿಗೆ ಸೇರಿದರು. ಮೊದಲ ವರ್ಷ ಉಳಿತಾಯದಲ್ಲಿ ನಡೆಯಿತು. ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್, ಕೊಡುವ ಪಿಎಚ್‌ಡಿ ಫೆಲೋಶಿಪ್ ತಿಂಗಳಿಗೆ 20,000 ರೂಪಾಯಿ. ಅದರ ವಯೋಮಿತಿ ಜೆಆರ್‌ಎಫ್‌ಗಿಂತ ಸಡಿಲ. ಮೊದಲ ಸಲ ಸಿಗಲಿಲ್ಲ. ರಿಜಿಸ್ಟರಿನ ಪ್ರಶ್ನೆಯನ್ನು ಮುಂದಿಟ್ಟು ಪ್ರಸ್ತಾವ ತಿದ್ದಿದ ಮೇಲೆ ಸಿಕ್ಕಿತು.

ಈಗಿನ ಸ್ಥಿತಿ

ಆರು ತಿಂಗಳಿಗೊಮ್ಮೆ ಸಮಿತಿಯ ಮುಂದೆ ಪ್ರಗತಿ ಹೇಳುವುದು ನಡೆದಿದೆ. ಕಡೆಯ ಅಧ್ಯಾಯಗಳ ಕರಡು ತಿದ್ದುತ್ತಿದ್ದಾರೆ. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿದರೆ ಇನ್ನೂ 2 ವರ್ಷ, ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷ. ಮಾತೃತ್ವ, ಮಕ್ಕಳ ಆರೈಕೆಗೆ ಒಟ್ಟು 240 ದಿನ ರಜೆಯೂ ಇದೆ. ಅವಧಿಯ ಚಿಂತೆ ಅವರಿಗಿಲ್ಲ.

ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಅನ್ನುವ 2016ರ ನಿಯಮ 2022ರಲ್ಲಿ ಹೋಗಿದೆ. ಆದರೂ ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಇಟ್ಟುಕೊಳ್ಳಬಹುದು. ಯುಜಿಸಿ ತೆಗೆದಿದೆ ಅಂತ ನಂಬಿ ಕೂರುವುದು ಬೇಡ, ನಿಮ್ಮ ವಿಶ್ವವಿದ್ಯಾಲಯದ ಆದೇಶ ನೋಡಿ. ಶಾರದಾ ಹೇಗೂ ಒಂದು ಲೇಖನ ಪ್ರಕಟಿಸಿದ್ದಾರೆ. ಇಲ್ಲೊಂದು ಸೂಕ್ಷ್ಮ ಇದೆ. ಕೃತಿಚೌರ್ಯ ತಪಾಸಣೆಯಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡ ಇಲ್ಲ, ಅದಕ್ಕಿಂತ ಮೇಲೆ ಶೇ 40ರವರೆಗೆ ಹೋದರೆ ತಿದ್ದಿ ಮತ್ತೆ ಕೊಡಬೇಕು, ಅದನ್ನೂ ದಾಟಿದರೆ ಶಿಕ್ಷೆ ಇನ್ನೂ ಕಠಿಣ. ತಮ್ಮದೇ ಲೇಖನ, ತಾವೇ ಬರೆದ ಹಳೆಯ ಸಮೀಕ್ಷಾ ವರದಿ ಕೂಡ ಅದರಲ್ಲಿ ಹೋಲಿಕೆಯಾಗಿ ಕಾಣಿಸಿಕೊಳ್ಳಬಹುದು. ಅದಕ್ಕೆ ವರದಿಯ ಭಾಗಗಳನ್ನೆಲ್ಲ ಹೊಸದಾಗಿ ಬರೆದರು.

ಭಾಷೆಯ ಪ್ರಶ್ನೆಯೂ ಬಂತು. ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ರಾಜ್ಯಶಾಸ್ತ್ರದ ಪ್ರಬಂಧವನ್ನು ಕನ್ನಡದಲ್ಲಿ ಬರೆಯಬಹುದು. ಸಂದರ್ಶನಗಳೆಲ್ಲ ಕನ್ನಡದಲ್ಲೇ ಇವೆ. ಹಾಗೇ ಬರೆದಿದ್ದರೆ ಪ್ರಬಂಧಕ್ಕೆ ಜೀವ ಜಾಸ್ತಿ ಇರುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಎರಡು ಶಿಸ್ತುಗಳನ್ನೂ ಬಲ್ಲ ಪರೀಕ್ಷಕರು ಹೊರರಾಜ್ಯದಲ್ಲೇ ಜಾಸ್ತಿ. ಇಂಗ್ಲಿಷ್‌ನಲ್ಲಿ ಬರೆದು, ಸಂದರ್ಶನಗಳ ಮೂಲ ಕನ್ನಡವನ್ನು ಅನುಬಂಧದಲ್ಲಿ ಉಳಿಸಿಕೊಂಡರು.

ಎಂಎ ಇದ್ದದ್ದರಿಂದ ನಡುವೆ ರಾಜ್ಯಶಾಸ್ತ್ರದಲ್ಲೇ ಕೆ-ಸೆಟ್, ಅಂದರೆ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ ಬರೆದು ಪಾಸಾದರು. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ಪರಿಸರ ವಿಜ್ಞಾನದ ಆ ಸೀಟಿಗೆ ಹೂಂ ಅಂದಿದ್ದರೆ ಈ ಬಾಗಿಲು ತೆರೆಯುತ್ತಿರಲಿಲ್ಲ.

ಈಗ ಇಂಥದ್ದೇ ಪ್ರಶ್ನೆ ಹಿಡಿದು ಬರುವವರಿಗೆ ಪರಿಸ್ಥಿತಿ ಸ್ವಲ್ಪ ಬೇರೆ. 2024ರ ಜೂನ್‌ನಿಂದ ನೆಟ್ ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತದೆ. ಮೂರನೇ ವರ್ಗ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ. ಎರಡು, ಮೂರನೇ ವರ್ಗದವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಆ ಅಂಕ ಪ್ರವೇಶಕ್ಕೆ ಒಂದು ವರ್ಷ ಮಾತ್ರ ಚಾಲ್ತಿ. ಸ್ವಂತ ಪ್ರವೇಶ ಪರೀಕ್ಷೆ ಬಿಟ್ಟು ನೆಟ್ ಅಂಕವನ್ನೇ ನೋಡುವ ಕಡೆ ಸಂಶೋಧನಾ ವಿಧಾನದ ಅರ್ಧ ಭಾಗದಲ್ಲಿ ಅಂಕ ಗಳಿಸುವ ಅವಕಾಶ ಹೋಯಿತು. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ತೆಗೆದವರು ತಾವು ಪಿಎಚ್‌ಡಿ ಮಾಡಬೇಕೆಂದಿರುವ ವಿಷಯದಲ್ಲೇ ನೆಟ್ ಬರೆಯಬಹುದು, ಪದವಿ ಯಾವ ವಿಷಯದ್ದಾದರೂ ಸರಿ. ಎಂಎಸ್ಸಿ ಮಾಡಿದವರಿಗೆ ಮಾತ್ರ ತಮ್ಮ ಸ್ನಾತಕೋತ್ತರ ವಿಷಯದಲ್ಲೇ ಬರೆಯಿರಿ ಅನ್ನುತ್ತಾರೆ. ಜಾಸ್ತಿ ಓದಿದವರಿಗೆ ದಾರಿ ಕಿರಿದಾಗಿದೆ. ಕಳೆದ ತಿಂಗಳು ಬಂದಿದ್ದ ಹುಡುಗನೊಬ್ಬ ಭೂವಿಜ್ಞಾನದಲ್ಲಿ ಎಂಎಸ್ಸಿ, ಗಣಿಗಾರಿಕೆ ರಾಜಕಾರಣದ ಮೇಲೆ ಕೆಲಸ ಮಾಡಬೇಕಂತೆ. ಅವನನ್ನು ಶಾರದಾ ಹತ್ತಿರ ಕಳಿಸಿದೆ. ದೂರ ಶಿಕ್ಷಣದ ಎಂಎ ಅರ್ಜಿಗೆ ಕೊನೇ ದಿನಾಂಕ ಯಾವಾಗ ಅಂತ ಅವರು ಮೊದಲು ನೋಡಿಕೊಟ್ಟರಂತೆ.